ರೈಟರ್ ಓದಿದ ಕೊನೆಯ ಅಧ್ಯಾಯ

ನನ್ನ ತಂದೆಯ ಗೆಳೆಯರಾದ ಅವರು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವರು. ದೂರು ಬರೆದುಕೊಳ್ಳುವುದೇ ಕೆಲಸ. ನಿವೃತ್ತರಾದ ಮೇಲೆ ದಿನಾ ಮುಳಬಾಗಿಲಿನ ನಮ್ಮ ಮನೆಗೆ ಬಂದು, ನನ್ನ ಜೊತೆ ಸೇರಿ ಪತ್ತೇದಾರಿ ಕಾದಂಬರಿ ಬರೆಯತೊಡಗಿದರು. ಒಂದು ಅಧ್ಯಾಯ ಅವರದು, ಒಂದು ನನ್ನದು. ನಾನು ಕೊಲೆಗಾರನನ್ನು ಹಿಡಿದುಕೊಟ್ಟರೆ ಅವರು ಕನ್ನಡಕವನ್ನು ಹಣೆಗೇರಿಸಿ, "ಕೊಂದೋನು ಸಿಕ್ದ, ಸರಿ ಕಣಪ್ಪ. ಕೊಲ್ಲಿಸ್ದೋನು?" ಎನ್ನುತ್ತಿದ್ದರು. ಹಾಗಾಗಿ ನಮ್ಮ ಕಥೆಗಳೆಲ್ಲ ಯಾರಾದರೊಬ್ಬ ರಾಜಕಾರಣಿಯ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದವು.

ಮೂರನೆಯ ಕಾದಂಬರಿಯಲ್ಲಿ, ಕೆರೆ ಒತ್ತುವರಿಯ ವಿರುದ್ಧ ಅರ್ಜಿ ಕೊಟ್ಟ ಯುವಕನೊಬ್ಬ ಲಾರಿಗೆ ಸಿಕ್ಕಿ ಸಾಯುತ್ತಾನೆ. ಕೊನೆಯ ಅಧ್ಯಾಯ ಮುಗಿದ ದಿನ ಅವರು ನನ್ನನ್ನು ತಾಯಲೂರಿನ ಹತ್ತಿರದ ಒಂದು ಮನೆಗೆ ಕರೆದೊಯ್ದರು. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದ ಮುದುಕಿಯನ್ನು ಕೂರಿಸಿ, ಆ ಅಧ್ಯಾಯವನ್ನು ಓದಿ ಹೇಳಿದರು. ನನಗೆ ತಿಳಿದದ್ದು ಆಗಲೇ: ಕಾದಂಬರಿಯ ಆ ಯುವಕ ನಿಜವಾಗಿ ಇದ್ದವನು, ಆಕೆಯ ಮಗ. ಮೇಲಿನವರ ಮಾತಿಗೆ ಆ ಕೊಲೆಯನ್ನು ಠಾಣೆಯ ದಾಖಲೆಯಲ್ಲಿ ಅಪಘಾತವೆಂದು ಬರೆದವರು ಇವರೇ.

ಆಕೆ ಪೂರ್ತಿ ಕೇಳಿಸಿಕೊಂಡಳು. "ಚೆನ್ನಾಗ್ ಬರ್ದಿದ್ದೀಯ ನಾಯ್ನಾ," ಎಂದಳು, ಮಗನನ್ನು ಕರೆಯುವಂತೆ. "ಅವತ್ತೂ ಪೆನ್ನು ನಿನ್ ಕೈಲೇ ಇತ್ತಲ್ಲ."

ಅವರು ಹಾಳೆಗಳನ್ನು ಆಕೆಯ ಪಾದದ ಬಳಿ ಇಟ್ಟು ಎದ್ದರು. ಆಮೇಲೆ ಬದುಕಿದ್ದ ಎರಡು ವರ್ಷ ಏನನ್ನೂ ಬರೆಯಲಿಲ್ಲ. ಆ ಕಾದಂಬರಿಯನ್ನು ಅಚ್ಚಿಗೆ ಕೊಡಲು ನನಗೂ ಕೈ ಬರಲಿಲ್ಲ.