ವಾರಕ್ಕೊಂದು ಪ್ರಿಂಟ್

ಬೋಳು ಗೋಡೆ ನೋಡಿ ನೋಡಿ ಸಾಕಾಗಿ, ಟೈಲರಮ್ಮ ಫೋಟೊ ಪ್ರಿಂಟರ್ ಕೊಳ್ಳಲು ಹೊರಟಳು. ಅದೂ ಅತ್ತೆಗೆ ಕಣ್ಣು ಹತ್ತಿದ ಒಂದು ಗಂಟೆಯ ಬಿಡುವಿನಲ್ಲಿ. ಹಾಸಿಗೆ ಹಿಡಿದ, ಮರೆವು ಮುಸುಕಿದ ಅತ್ತೆಯನ್ನು ಒಂಬತ್ತು ವರ್ಷದಿಂದ ಇವಳೊಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಮೂವರು ನಾದಿನಿಯರಿದ್ದಾರೆ, ಫೋನಿನಲ್ಲಿ ಅಳುವುದಕ್ಕೆ.

ಅಂಗಡಿಯವನು ಆರು ಬಣ್ಣದ ಇಂಕಿನ ಯಂತ್ರ ತೋರಿಸಿದ. "ಫೋಟೊಗೆ ಇದೇ ಚೆನ್ನ. ಆದ್ರೆ ವಾರಕ್ಕೊಂದಾದ್ರೂ ಪ್ರಿಂಟ್ ತೆಗೀಬೇಕು, ಇಲ್ಲಾಂದ್ರೆ ಇಂಕ್ ಒಣಗಿ ಕಟ್ಟಿಕೊಳ್ಳುತ್ತೆ. ಊರುಗೀರು ಅಂತ ತಿಂಗಳುಗಟ್ಟಲೆ ಹೋಗ್ತೀರಾ?"

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. "ನನ್ನಂಥ ಗಿರಾಕಿ ನಿಮಗೆ ಭೂತಗನ್ನಡಿ ಹಾಕಿ ಹುಡುಕಿದ್ರೂ ಸಿಗಲ್ಲ. ಪ್ಯಾಕ್ ಮಾಡಿ."

ಕಾಗದವನ್ನು ಬಟ್ಟೆಯಂತೆ ಬೆರಳಲ್ಲಿ ಉಜ್ಜಿ ನೋಡಿದಳು. ಹೊಳಪಿನ ಹಾಳೆಯಲ್ಲಿ ಬಣ್ಣ ಎದ್ದು ಕಾಣುತ್ತಿತ್ತು. ಆದರೆ ಸ್ವಲ್ಪ ಓರೆ ಮಾಡಿದರೆ ಅಂಗಡಿಯ ಕಿಟಕಿ ಸರಳುಗಳೂ ಅದರಲ್ಲಿ ಕಂಡವು.

"ಸರಳು ಮನೇಲೇ ಬೇಕಾದಷ್ಟಿವೆ," ಎಂದು ಹೊಳಪಿಲ್ಲದ ದಪ್ಪ ಮ್ಯಾಟ್ ಹಾಳೆ ಆರಿಸಿದಳು.

ಅಂದಿನಿಂದ ಪ್ರತಿ ಭಾನುವಾರ ಒಂದು ಪ್ರಿಂಟ್. ಅವಳಿಗೆ ಕಾಣುವುದಾದರೂ ಏನು? ಹೊಲಿಗೆ ಯಂತ್ರದ ಪಕ್ಕದ ಕಿಟಕಿಯ ಸರಳುಗಳ ನಡುವೆ ಫೋನ್ ತೂರಿಸಿದರೆ, ಎದುರುಮನೆಯ ನೀಲಿ ಗೋಡೆ, ಅದರ ಮೇಲಿನ ಬಿಸಿಲು. ಪ್ರತಿ ವಾರವೂ ಅದೇ.

ಮೊನ್ನೆ ಅತ್ತೆ ಆ ಚಿತ್ರ ಹಿಡಿದು ಬಹಳ ಹೊತ್ತು ನೋಡಿದರು. "ಯಾವ ಊರೇ ಇದು? ಎಷ್ಟು ಚೆನ್ನಾಗಿದೆ! ಒಂದ್ಸಲ ಹೋಗ್ಬರೋಣ ಕಣೇ."

"ಹೋಗಿದ್ದೀವಿ ಅತ್ತೆ," ಎಂದಳು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತ. "ವಾಪಸ್ ಬರೋದೇ ಆಗಿಲ್ಲ."