ಕಪ್ಪಿಗೆ ಹಾಕಿದ ಚಮಚ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂದು ವಾರವಿಡೀ ಯೋಚಿಸಿದ್ದೇನೆ. ನಾನು ರೈಲು ಓಡಿಸಿದವನಲ್ಲ, ಮನಸ್ಸಿನ ಕಾಯಿಲೆ ಬಲ್ಲವನೂ ಅಲ್ಲ. ಹಗಲು ಬಂದರಿನ ಗೋದಾಮಿನಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ನಾಲ್ಕು ಸಾಲು ಬರೆಯಲು ಕಲಿತವನು. ತಪ್ಪಿದ್ದರೆ ಅದು ನನ್ನದು, ಹಿಲ್ಕಾ ಅವರದಲ್ಲ. ಬಲ್ಲವರು ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದೆ. ಯಾರೂ ಬರೆಯಲಿಲ್ಲ. ಈ ತಿಂಗಳ ಕೊನೆಗೆ ಹಿಲ್ಕಾ ಕೂರುವ ಸೀಟನ್ನೇ ರೈಲು ಕಂಪನಿಯವರು ರದ್ದು ಮಾಡುತ್ತಿದ್ದಾರೆ. ಆದ್ದರಿಂದ ಕ್ಷಮೆ ಕೇಳಿಕೊಂಡೇ ಶುರು ಮಾಡುತ್ತೇನೆ.

ಪೂರ್ವ ಫ್ರೀಸ್‌ಲ್ಯಾಂಡಿನ ನಮ್ಮ ರೈಲು ಡಿಪೋದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಸಮುದ್ರದ ಕಡೆಯಿಂದ ಒದ್ದೆ ಗಾಳಿ. ಹಿಲ್ಕಾ ಯಾನ್ಸೆನ್ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಟವೆಲ್ ಸುತ್ತಿದ ಪಿಂಗಾಣಿ ಕಪ್ಪುಗಳನ್ನು ಹಿಡಿದು ಖಾಲಿ ರೈಲಿನ ಕಡೆಗೆ ನಡೆಯುತ್ತಾರೆ. ವಯಸ್ಸು ಐವತ್ತೆಂಟು. ಅವರು ರೈಲು ಚಾಲಕಿ. ಇವತ್ತು ಅವರಿಗೆ ರಜೆ.

"ಏನ್ ಹಿಲ್ಕಾ, ದಿಬ್ಬಣ ಹೊರಟಂಗಿದೆ, ಕಪ್ಪು ಬಸಿ ಸಮೇತ," ಎಂದು ಗಾಜು ಒರೆಸುತ್ತಿದ್ದ ಫೊಕೊ ಕೂಗುತ್ತಾನೆ.

"ನಿಂಗೆ ಕರೆಯೋಲೆ ಕೊಟ್ಟಿಲ್ಲ. ಗಾಜು ಒರೆಸು."

ಚಾಲಕನ ಕೋಣೆಯಲ್ಲಿ ಟಾಮೊ ಎಡೆನ್ ಆಗಲೇ ಕೂತಿದ್ದಾನೆ. ನಮ್ಮ ಬೀದಿಯವನೇ, ಮೂವತ್ನಾಲ್ಕು ವರ್ಷ.

"ಮೊಯಿನ್, ಟಾಮೊ," ಎಂದು ನಮ್ಮೂರ ನಮಸ್ಕಾರ ಹೇಳುತ್ತಾರೆ ಹಿಲ್ಕಾ. "ನಿದ್ದೆ ಬಂತಾ?"

"ಬಂದಿತ್ತು. ನಾನೇ ಬಾಗ್ಲು ತೆಗೀಲಿಲ್ಲ."

"ನಂದೂ ಅದೇ ಕತೆ ಬಿಡು. ಮೊದ್ಲು ಟೀ ಕುಡಿ."

ಕಳೆದ ಶರತ್ಕಾಲದ ಮಂಜಿನಲ್ಲಿ, ಓಸ್ಟರ್‌ಫೇನ್ ರೈಲ್ವೆ ಗೇಟಿನ ಬಳಿ, ಇಳಿಬಿಟ್ಟ ಅಡ್ಡಪಟ್ಟಿಯ ಪಕ್ಕದಿಂದ ನುಸುಳಿ ಒಂದು ಕಾರು ಹಳಿ ಹತ್ತಿತು. ಟಾಮೊ ಬ್ರೇಕ್ ಎಳೆದ. ರೈಲು ಬ್ರೇಕ್ ಎಳೆದ ಜಾಗದಲ್ಲೇ ನಿಲ್ಲುವ ವಸ್ತುವಲ್ಲ. ಕಾರಿನಲ್ಲಿದ್ದವರು ಬದುಕಲಿಲ್ಲ. ತನಿಖೆಯಲ್ಲಿ ಅವನ ತಪ್ಪಿಲ್ಲವೆಂದು ತೀರ್ಮಾನವಾಯಿತು. ಎಲ್ಲರೂ ಬೆನ್ನು ತಟ್ಟಿದರು. ಆ ತೀರ್ಮಾನ ಅವನ ಮೈಗೆ ಮಾತ್ರ ತಲುಪಲಿಲ್ಲ. ರೈಲಿನ ಹಿಡಿಕೆ ಮುಟ್ಟಿದರೆ ಬೆವರು, ಕಣ್ಣು ಮುಚ್ಚಿದರೆ ಮಂಜು. ಬಿಸಿ ಟೀ ಬಿದ್ದಾಗ ಕಲ್ಲುಸಕ್ಕರೆ ಚಟಪಟ ಸಿಡಿಯುವುದೆಂದರೆ ನಮ್ಮಲ್ಲಿ ಮನೆಗೆ ಬಂದ ನೆಮ್ಮದಿ. ಟಾಮೊನಿಗೆ ಅದು ಒಡೆಯುವ ಗಾಜು. ಅವನ ತಾಯಿ ಎಂಟು ತಿಂಗಳಿಂದ ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದಾರೆ. ಇವತ್ತು ಹಿಲ್ಕಾ ಫ್ಲಾಸ್ಕಿನ ಜೊತೆ ಕೆನೆ ತಂದಿದ್ದಾರೆ, ಸಕ್ಕರೆ ತಂದಿಲ್ಲ.

ಹಿಲ್ಕಾಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಾರುಣ್ಯದಲ್ಲಿ ಅವರಿಗೂ ಒಂದು ಗೇಟಿನಲ್ಲಿ ಹೀಗೇ ಆಗಿತ್ತು. "ಮೂರ್ ದಿನ ರಜೆ ಕೊಟ್ರು, ಒಂದ್ ಕೇಕ್ ಕಳಿಸಿದ್ರು. ಕೇಕ್ ಚೆನ್ನಾಗೇ ಇತ್ತು," ಎನ್ನುತ್ತಾರೆ. ನಾಲ್ಕನೇ ದಿನ ಒಬ್ಬರೇ ಆ ಗೇಟು ದಾಟಿದರು. ಆಮೇಲೆ ಎರಡು ವರ್ಷ ಖಿನ್ನತೆ. "ಹಲ್ಲುಜ್ಜಿದ್ರೆ ಸಾಕು, ಅವತ್ತಿನ ಕೆಲ್ಸ ಮುಗೀತು ಅಂತ ಮಲ್ಕೋತಿದ್ದೆ. ಅಕ್ಕ ಎಳ್ಕೊಂಡ್ ಹೋಗಿ ಡಾಕ್ಟರ ಮುಂದೆ ಕೂರಿಸಿದ್ಳು. ಮಾತ್ರೆ, ಮಾತು ಎರಡೂ ಬೇಕಾಯ್ತು. ಒಂದೇ ಸಾಕು ಅನ್ನೋರ್ ಮಾತು ಕೇಳ್ಬೇಡಿ." ವಾಸಿಯಾದ ಮೇಲೆ, ಹೀಗೆ ಪೆಟ್ಟು ತಿಂದ ಚಾಲಕರ ಪಕ್ಕದಲ್ಲಿ ಕೂತು ಅದೇ ಜಾಗವನ್ನು ದಾಟಿಸುವ ಕೆಲಸವನ್ನು ತಾವೇ ಕೇಳಿ ಪಡೆದರು. ಈವರೆಗೆ ನಲವತ್ತಕ್ಕೂ ಹೆಚ್ಚು ಜನರನ್ನು ದಾಟಿಸಿದ್ದಾರೆ. ನಿಲ್ದಾಣದ ಗೋಡೆಯ ಮೇಲೆ ಅತಿ ಹೆಚ್ಚು ಟಿಕೆಟ್ ಮಾರಿದವರ ಫೋಟೊ ಇದೆ. ಹಿಲ್ಕಾ ಅವರದಿಲ್ಲ.

ಟಾಮೊನಿಗೆ ಚಿಕಿತ್ಸೆ ಕೊಡುತ್ತಿರುವ ಮನಶ್ಶಾಸ್ತ್ರಜ್ಞೆ ಸ್ವಾಂತ್ಯೆ ಓನ್ಕೆನ್ ಅವರನ್ನು ಕಾಣಲು ಅವನು ಐದು ತಿಂಗಳು ಸರದಿ ಕಾಯಬೇಕಾಯಿತು. ಕಾಲು ಮುರಿದವನನ್ನು ಐದು ತಿಂಗಳು ಬಾಗಿಲಲ್ಲಿ ನಿಲ್ಲಿಸಿದ್ದರೆ ಊರು ಸುಮ್ಮನಿರುತ್ತಿತ್ತೇ? "ಭಯಾನ ನಾನು ನನ್ನ ಕೋಣೇಲಿ ಬಿಡಿಸಬಹುದು," ಎನ್ನುತ್ತಾರೆ ಸ್ವಾಂತ್ಯೆ. "ಆದ್ರೆ ಗೇಟು ನನ್ನ ಕೋಣೇಲಿಲ್ವಲ್ಲ. ಅಲ್ಲಿಗೆ ಹಿಲ್ಕಾನೇ ಬೇಕು."

ಹಿಲ್ಕಾ ಅವರ ವಿಧಾನ ನಮ್ಮೂರಿನ ಟೀ ಮೇಜಿನದು. ಇಲ್ಲಿ ಬಾಯಲ್ಲಿ ಬೇಡವೆಂದರೆ ಯಾರೂ ನಂಬುವುದಿಲ್ಲ, ಸುರಿಯುತ್ತಲೇ ಇರುತ್ತಾರೆ. ಕಪ್ಪಿನೊಳಗೆ ಚಮಚ ಇಟ್ಟರೆ ಮುಗಿಯಿತು, ಯಾಕೆಂದು ಯಾರೂ ಕೇಳುವುದಿಲ್ಲ. "ಸಾಕು ಅನ್ನೋಕೆ ಇಲ್ಲಿನ ಗಂಡಸ್ರು ಸತ್ರೂ ಬಾಯಿ ಬಿಡಲ್ಲ. ಚಮಚಕ್ಕೇನು ನಾಚ್ಕೆ?" ಎನ್ನುತ್ತಾರೆ ಹಿಲ್ಕಾ. ಚಾಲಕನ ಕೈಯಳತೆಯಲ್ಲಿ ಕಪ್ಪು ಇರುತ್ತದೆ. ಆಗದು ಅನ್ನಿಸಿದರೆ ಅದರೊಳಗೆ ಚಮಚ ಹಾಕಬೇಕು, ಅಷ್ಟೇ. ಹಿಲ್ಕಾ ರೈಲನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಬೇಕಾದಾಗ ಬಿಡಬಹುದು ಎಂದು ಗೊತ್ತಿರುವವನು ಹೆಚ್ಚು ಹೊತ್ತು ಹಿಡಿದಿರುತ್ತಾನೆ.

ಇದನ್ನು ಕೆಡಿಸಿದವರು ಕಚೇರಿಯವರು. ಕಂಪನಿಯ ಹೆಸರು ಬರೆಯುವ ಧೈರ್ಯ ನನಗಿಲ್ಲ. ದಕ್ಷಿಣದಿಂದ ಬಂದ ಅಧಿಕಾರಿಯೊಬ್ಬರು ಟಾಮೊನ ಮನೆಗೆ ವಿಚಾರಣೆಗೆ ಹೋಗಿದ್ದಾಗ 'ಬೇಡ, ಬೇಡ' ಎನ್ನುತ್ತಲೇ ಏಳು ಕಪ್ಪು ಕುಡಿದರಂತೆ. ಆಗ ಟಾಮೊನ ತಾಯಿಯೇ ಕನಿಕರಪಟ್ಟು ಚಮಚದ ಗುಟ್ಟು ಹೇಳಿಕೊಟ್ಟರು. ಅಧಿಕಾರಿ ಅದರಿಂದ ಕಲಿತದ್ದು ಇಷ್ಟು: ಹೋದ ತಿಂಗಳ ಮೊದಲ ಓಟದಲ್ಲಿ ಟಾಮೊ ಚಮಚ ಹಾಕಿದ್ದನ್ನು ಅವರು ಸೋಲು ಎಂದು ಪರಿಗಣಿಸಿದರು. ಇನ್ನೊಮ್ಮೆ ಹಾಕಿದರೆ ಅವನು ಜೀವನಪೂರ್ತಿ ಚಾಲಕನ ಸೀಟಿನಲ್ಲಿ ಕೂರುವ ಹಾಗಿಲ್ಲ. ಹಿಲ್ಕಾ ಅವರ ಜೊತೆಯೋಟವೂ ತಿಂಗಳ ಕೊನೆಗೆ ನಿಲ್ಲುತ್ತದೆ. ಬದಲಿಗೆ ಚಾಲಕರಿಗೆ ಒಂದು ಫೋನ್ ನಂಬರ್ ಕೊಡುತ್ತಾರಂತೆ. ನಾನು ಆ ನಂಬರಿಗೆ ಕರೆ ಮಾಡಿದೆ. ಸಂಗೀತ ಕೇಳಿಸಿದರು.

ಅದಕ್ಕೇ ಇವತ್ತು ಟಾಮೊ ಚಮಚ ಮುಟ್ಟುತ್ತಿಲ್ಲ.

"ಇದ್ಯಾಕೆ ಇಲ್ಲಿ? ಹಾಕಿದ್ರೆ ಕೆಲ್ಸ ಹೋಗುತ್ತೆ."

"ಇರ್ಲಿ. ಯಾರಪ್ಪನ ಗಂಟು ಹೋಗುತ್ತೆ?"

ಪ್ರಯಾಣಿಕರಿಲ್ಲದ ರೈಲು ಹೊರಡುತ್ತದೆ. ನಾನು ಅವರ ಹಿಂದೆ, ಗಾಜಿನ ಬಾಗಿಲಿನ ಈಚೆ. ಹುಲ್ಲುಗಾವಲು, ಕಾಲುವೆ, ಮತ್ತೆ ಹುಲ್ಲುಗಾವಲು. ಹಿಲ್ಕಾ ತಮ್ಮ ನೆರೆಮನೆಯವರ ಕೋಳಿಗಳ ಬಗ್ಗೆ ಏನೋ ಹೇಳುತ್ತಿದ್ದಾರೆ. ಗೇಟಿಗೆ ಮುಂಚಿನ ಪುಟ್ಟ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ. ಸಿಗ್ನಲ್ ಹಸಿರಾಗುತ್ತದೆ. ರೈಲು ಹೊರಡುವುದಿಲ್ಲ. ಟಾಮೊನ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತದೆ. ಆಮೇಲೆ ಪಿಂಗಾಣಿಗೆ ಲೋಹ ತಾಗಿದ ಸಣ್ಣ ಸದ್ದು.

ಹಿಲ್ಕಾ ಎದ್ದು ಜಾಗ ಬದಲಿಸುತ್ತಾರೆ, ಕೋಳಿಗಳ ಕತೆ ನಿಲ್ಲಿಸುವುದಿಲ್ಲ. ಓಸ್ಟರ್‌ಫೇನ್ ಗೇಟು ಪಕ್ಕದಲ್ಲಿ ಹಾದುಹೋಗುತ್ತದೆ. ಒಂದು ಸೈಕಲ್, ಅದನ್ನು ಹಿಡಿದುಕೊಂಡು ಕಾಯುತ್ತಿರುವ ಒಬ್ಬಾಕೆ. ಟಾಮೊ ಕಣ್ಣು ಮುಚ್ಚಿಲ್ಲ.

ಕೊನೆಯ ನಿಲ್ದಾಣದಲ್ಲಿ ಅವನು ಕಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ನಂತರ ನಮ್ಮೂರಿನಲ್ಲಿ ಯಾರೂ ಮಾಡದ ಕೆಲಸ ಮಾಡುತ್ತಾನೆ: ಚಮಚವನ್ನು ಹೊರಗೆ ತೆಗೆದು, ಬಸಿಯ ಮೇಲಿಡುತ್ತಾನೆ.

"ಹಾಕು," ಎನ್ನುತ್ತಾನೆ.

ಹಿಲ್ಕಾ ಟೀ ಸುರಿಯುತ್ತಾರೆ. ಮರಳುವಾಗ ಗೇಟನ್ನು ಟಾಮೊನೇ ದಾಟಿಸುತ್ತಾನೆ.

ಡಿಪೋದಲ್ಲಿ ಅಧಿಕಾರಿ ಕಾಯುತ್ತಿದ್ದಾರೆ. ಯಾರು ಓಡಿಸಿದ್ದು ಎಂದು ಕೇಳುತ್ತಾರೆ.

"ಹೋಗ್ತಾ ನಾನು, ಬರ್ತಾ ಅವ್ನು," ಎನ್ನುತ್ತಾರೆ ಹಿಲ್ಕಾ. "ಎರಡನ್ನೂ ಹೇಳಿ ನಿಮ್ಮ ಮೇಲಿನೋರಿಗೆ."

"ಅಂದ್ರೆ ಚಮಚ ಹಾಕಿದ್ರು."

"ಹಾಕ್ದ. ತೆಗ್ದ. ನೀವು ಏಳ್ ಕಪ್ಪು ಕುಡಿದ್ರಲ್ಲ ಸಾರ್, ಹಾಕೋಕೂ ಬರ್ಲಿಲ್ಲ."

ಫೊಕೊ ಗಾಜಿನ ಕಡೆಗೆ ಮುಖ ತಿರುಗಿಸಿ ನಗು ನುಂಗುತ್ತಾನೆ. ಅಧಿಕಾರಿ ನಗುವುದಿಲ್ಲ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದು ಹೊರಟುಹೋಗುತ್ತಾರೆ.

ಒಬ್ಬರೇ ಸಿಕ್ಕಾಗ ನಾನು ಹಿಲ್ಕಾ ಅವರನ್ನು ಕೇಳಿದೆ: ಅಲ್ಲಿ ನಾವು ಮೂವರೇ ಇದ್ದೆವಲ್ಲ, ಎರಡು ಕಡೆಯೂ ಅವನೇ ಓಡಿಸಿದ ಎಂದಿದ್ದರೆ ಆಗುತ್ತಿರಲಿಲ್ಲವೇ? ಅವರು ಕಪ್ಪುಗಳನ್ನು ಟವೆಲಿನಲ್ಲಿ ಸುತ್ತುತ್ತಿದ್ದರು.

"ಸುಳ್ಳು ಹೇಳಿದ್ರೆ ಚಮಚ ಹಾಕಿದ್ದು ತಪ್ಪು ಅಂತ ನಾನೂ ಒಪ್ಕೊಂಡಂಗೆ ಆಗಲ್ವಾ? ತಪ್ಪಲ್ಲ ಅದು. ನನ್ ಹೆಸರು ಹಾಕೇ ಬರಿ."

ಬರೆದಿದ್ದೇನೆ. ಇದು ಅಚ್ಚಿಗೆ ಹೋಗುವ ಹೊತ್ತಿಗೆ ಕಂಪನಿಯ ಉತ್ತರ ಬಂದಿಲ್ಲ. ಟಾಮೊ ಚಾಲಕನಾಗಿ ಉಳಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ತಿಂಗಳು ಯಾರಿಗಾದರೂ ಹೀಗಾದರೆ ಅವರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದೂ ಗೊತ್ತಿಲ್ಲ.