ಬೀಸುಕಲ್ಲು ಹೊತ್ತ ಪಟ್ಟಿ

ಕಳೆದ ವಾರ ನಮ್ಮ ಕಾರ್ಯಾಗಾರಕ್ಕೆ ಹೊಸ ನೈಲಾನ್ ಪಟ್ಟಿಗಳ ಡಬ್ಬಿ ಬಂತು. ಒಂದರ ತುದಿ ಎಳೆಬಿಟ್ಟಿತ್ತು. ಸಹೋದ್ಯೋಗಿಯೊಬ್ಬರು ಲೈಟರ್ ಹಚ್ಚಿ ಆ ತುದಿಯನ್ನು ಕರಗಿಸಿ ಒತ್ತಿದರು. ಸುಟ್ಟ ನೈಲಾನಿನ ವಾಸನೆ ಬಂದದ್ದೇ ತಡ, ಕೈಯಲ್ಲಿದ್ದ ಅಳತೆಯ ಟೇಪನ್ನು ಮೇಜಿನ ಮೇಲಿಟ್ಟು ಹೊರಗೆ ಹೋದೆ. ಹೊರಗೆ ನನಗೇನೂ ಕೆಲಸವಿರಲಿಲ್ಲ. ಗೇಟಿನವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಆ ವಾಸನೆ ನನ್ನನ್ನು ಕರೆದೊಯ್ಯುವುದು ಒಂದೇ ಕಡೆಗೆ. ಬಸವಕಲ್ಯಾಣದ ಬಜಾರಿನಲ್ಲಿ ಪಟ್ಟಿ ಹೊಲಿಯುತ್ತಿದ್ದ ಚಾಚಾ ಅವರ ಅಂಗಡಿಗೆ.

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾವು ಐವರು ಸೇರಿ ಒಂದು ಗಾಡಿ ಕಟ್ಟಿದ್ದೆವು. ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ಬಾಗಿಲಿಲ್ಲದ, ಕಲ್ಲುನೆಲದ ಮೇಲೂ ಓಡುವ ಗಾಡಿ. ತಂಡದಲ್ಲಿ ಹುಡುಗಿ ನಾನೊಬ್ಬಳೇ. ಸಸ್ಪೆನ್ಷನ್ ಲೆಕ್ಕ ನನ್ನದು. ಅದನ್ನು ನಾನು ವಾದ ಮಾಡಿ ಪಡೆದುಕೊಂಡಿದ್ದೆ. ಇಂಥ ಗಾಡಿ ದಿಬ್ಬದ ಮೇಲಿಂದ ಜಿಗಿದಾಗ ಚಕ್ರಗಳು ಗಾಳಿಯಲ್ಲಿ ಕೆಳಗೆ ಜೋತುಬೀಳುತ್ತವೆ. ಆಗ ಶಾಕ್ ಅಬ್ಸಾರ್ಬರ್ ತನ್ನ ಪೂರ್ತಿ ಉದ್ದಕ್ಕೆ ತೆರೆದುಕೊಂಡು ಜಗ್ಗಿದರೆ ಒಳಗಿನ ದಂಡ ಕಿತ್ತು ಬರಬಹುದು. ಹಾಗಾಗದಂತೆ ಗಾಡಿಯ ಚೌಕಟ್ಟಿಗೂ ಚಕ್ರದ ತೋಳಿಗೂ ನಡುವೆ ಒಂದು ದಪ್ಪ ಪಟ್ಟಿ ಕಟ್ಟುತ್ತಾರೆ. ಲಿಮಿಟ್ ಸ್ಟ್ರ್ಯಾಪ್ ಎನ್ನುವುದು ಅದನ್ನೇ. ಶಾಕ್ ಪೂರ್ತಿ ತೆರೆಯಲು ಇನ್ನೂ ಅರ್ಧ ಬೆರಳಿನಷ್ಟು ಉಳಿದಿರುವಾಗಲೇ ಪಟ್ಟಿ ಬಿಗಿಯಬೇಕು. ಅದರ ಕೆಲಸ ಅಷ್ಟೇ, ಆದರೆ ಆ ಅರ್ಧ ಬೆರಳಿನಲ್ಲಿಯೇ ಎಲ್ಲವೂ ಇದೆ.

ತಯಾರಾದ ಪಟ್ಟಿ ತರಿಸಲು ಸಮಯವಿರಲಿಲ್ಲ. ಯಾರೋ ಚಾಚಾ ಅವರ ಅಂಗಡಿ ತೋರಿಸಿದರು. ಮೊದಲು ಟಾಂಗಾ ಕುದುರೆಗಳ ಸಾಮಾನು ಹೊಲಿಯುತ್ತಿದ್ದವರು, ಟಾಂಗಾ ನಿಂತ ಮೇಲೆ ಟ್ರ್ಯಾಕ್ಟರ್ ಸೀಟು, ಲಾರಿಗೆ ಹೊದಿಸುವ ತಾಡಪತ್ರಿಯ ಪಟ್ಟಿ ಹೊಲಿಯುತ್ತಿದ್ದರು. ನಮ್ಮ ಕಾಲೇಜಿನ ಬಸ್ಸುಗಳ ಸೀಟುಗಳೂ ಅವರ ಕೈಯವೇ. ನನ್ನ ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಇದು ಕುದರಿಗೋ, ಗಾಡಿಗೋ?"

"ಗಾಡಿಗೆ, ಚಾಚಾ. ಜಿಗಿದಾಗ ಚಕ್ರ ಕೆಳಗ ಬೀಳ್ತದ, ಅದನ್ನ ಹಿಡೀಬೇಕು."

"ಜಿಗೀತದ, ಕಾಲ ಝಾಡಸ್ತದ, ಹಿಡೀಬೇಕು... ಅಂದ್ರ ಕುದರಿನೇ ಆತಲ್ಲ ಬೇಟಾ!" ಎಂದು ನಕ್ಕರು.

ಅವರದೊಂದು ಪದ್ಧತಿಯಿತ್ತು. ಪಟ್ಟಿಯ ಒಂದು ತುದಿಯನ್ನಷ್ಟೇ ಮೊದಲು ಹೊಲಿಯುತ್ತಿದ್ದರು. ಅದನ್ನು ತೊಲೆಗೆ ಸಿಕ್ಕಿಸಿ, ಕೆಳಗೆ ಬೀಸುಕಲ್ಲಿನ ಎರಡೂ ಹೋಳುಗಳನ್ನು ಕಟ್ಟಿ ಎರಡು ದಿನ ತೂಗಲು ಬಿಡುತ್ತಿದ್ದರು. ಆಮೇಲೆ ಅಳೆದು ಇನ್ನೊಂದು ತುದಿ ಹೊಲಿಯುವುದು. ನಾನು ಹೋದಾಗಲೂ ಯಾರದೋ ಪಟ್ಟಿಯೊಂದು ಹಾಗೆ ತೂಗುತ್ತಿತ್ತು.

"ಹೊಸಾ ಪಟ್ಟಾ ಸುಳ್ಳ ಹೇಳ್ತದ," ಎಂದರು. "ಕಲ್ಲು ಹೊತ್ತು ದಣದ ಮ್ಯಾಲ ಖರೇ ಉದ್ದ ಹೇಳ್ತದ. ಪರಸು, ನಾಡಿದ್ದ ಬಾ."

"ನಾಳೆ ಮುಂಜಾನೆನೇ ಪರೀಕ್ಷೆ ಅದ. ಅಳತೆ ನಾನು ಕೊಟ್ಟೀನಲ್ಲ, ಅಷ್ಟಕ್ಕೇ ಎರಡೂ ತುದಿ ಹೊಲೀರಿ."

"ಅಳತಿ ನಿಂದು. ಪಟ್ಟಾನ್ನ ಯಾರ ಕೇಳೋರು?"

ಗೊಣಗುತ್ತಲೇ ಹೊಲಿದರು. ದಾರಕ್ಕೆ ಮೇಣ ಸವರಿ, ಎರಡು ಸೂಜಿಗಳಿಂದ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ. ಕೊನೆಗೆ ತುದಿಗಳನ್ನು ಚಿಮಣಿ ದೀಪದ ಉರಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ಆ ವಾಸನೆ ಅಂಗಡಿಯ ತುಂಬ ನಿಂತಿತು. "ಕಲ್ಲು ಹೊರಸಲಾರದ ಕೊಡಾಕತ್ತೀನಿ. ಜಿಂದಗಿದಾಗ ಪೈಲಾ ಸಲ," ಎಂದು ಪಟ್ಟಿಗಳನ್ನು ನನ್ನ ಕೈಗಿತ್ತರು. ನಾನು ಬಸ್ಸಿನ ಸಮಯ ನೋಡುತ್ತಿದ್ದೆ.

ಮರುದಿನ ಮೋರಖಂಡಿ ದಾರಿಯ ಬಯಲಿನಲ್ಲಿ, ಪ್ರಾಧ್ಯಾಪಕರ ಎದುರು ಗಾಡಿ ಓಡಿಸಿದೆವು. ಎರಡು ಜಿಗಿತ ಸರಿಯಾಗಿ ಬಂದವು. ಮೂರನೆಯದರಲ್ಲಿ ಬಲಗಡೆಯ ಮುಂದಿನ ಶಾಕ್ ಕಿತ್ತು, ಚಕ್ರ ಒಳಗೆ ಮಡಚಿಕೊಂಡು, ಗಾಡಿ ಮಗ್ಗುಲಾಗಿ ಬಿತ್ತು. ಓಡಿಸುತ್ತಿದ್ದ ಗೆಳೆಯನ ಮುಂಗೈ ಮುರಿಯಿತು. ಬಿದ್ದ ರಭಸಕ್ಕೆ ಬಲಗಡೆಯ ಪಟ್ಟಿ ಕಬ್ಬಿಣದ ಅಂಚಿಗೆ ಸಿಕ್ಕಿ ಹರಿದಿತ್ತು. ತಂಡದ ನಾಯಕ ಅದನ್ನೆತ್ತಿ ಹಿಡಿದ. "ನೋಡ್ರಿ ಸರ್, ಹೊಲಿಗಿನೇ ಹೋಗ್ಯಾದ. ಬಜಾರದ ಮಾಲ್!"

ನಾನು ಎಡಗಡೆ ಮೊಣಕಾಲೂರಿ ಕುಳಿತಿದ್ದೆ. ಎಡಗಡೆಯ ಪಟ್ಟಿ ಹಾಗೇ ಇತ್ತು. ಬಿಚ್ಚಿ ಟೇಪು ಹಿಡಿದೆ. ನಾನು ಕೊಟ್ಟ ಅಳತೆಗಿಂತ ಪೂರ್ತಿ ಒಂದು ಬೆರಳು ಉದ್ದವಾಗಿತ್ತು. ಇನ್ನೊಮ್ಮೆ ಹಿಡಿದೆ. ಅಷ್ಟೇ. ಹೊಲಿಗೆಯ ಒಂದು ಎಳೆಯೂ ಕದಲಿರಲಿಲ್ಲ. ಮೂರೇ ಜಿಗಿತಕ್ಕೆ ನೈಲಾನ್ ಹಿಗ್ಗಿತ್ತು, ನನ್ನ ಅರ್ಧ ಬೆರಳನ್ನು ನುಂಗಿತ್ತು. ಪಟ್ಟಿಯನ್ನು ಸುತ್ತಿ ಚೀಲದಲ್ಲಿಟ್ಟುಕೊಂಡೆ.

ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ನನ್ನ ಬರವಣಿಗೆ ಚೆನ್ನಾಗಿದೆ ಎಂದು. "ಸ್ಥಳೀಯವಾಗಿ ಹೊಲಿಸಿದ ಪಟ್ಟಿಯ ಹೊಲಿಗೆ ಬಿಚ್ಚಿದ್ದರಿಂದ" ಎಂಬ ಸಾಲು ನನ್ನದು. ಹುಡುಗಿಗೆ ಲೆಕ್ಕ ಕೊಟ್ಟರೆ ಹೀಗೇ ಎಂದಾರು ಎಂಬ ಭಯವಿತ್ತು. ಅದು ಕಾರಣ, ಸಮರ್ಥನೆಯಲ್ಲ.

ಹುಡುಗರು ಬಜಾರಿಗೆ ಹೋಗಿ ಎಲ್ಲರೆದುರು ಚಾಚಾ ಅವರನ್ನು ಬೈದು ಬಂದರು. "ಮುದುಕಾ ಗಟ್ಟಿ ಇದ್ದಾನ," ಎಂದ ನಾಯಕ. "ಪಟ್ಟಾ ತೋರಸ್ರಿ ಅಂತಾನ. ನನ್ನ ಹೊಲಿಗಿ ಬಿಟ್ಟಿದ್ರ ಇವತ್ತೇ ಸೂಜಿ ಕೆಳಗಿಡ್ತೀನಿ, ಆ ಹುಡಿಗಿಗೆ ಪಟ್ಟಾ ತಗೊಂಡು ಬಾ ಅನ್ರಿ ಅಂತಾನ. ಹರದಿದ್ದು ಅಲ್ಲೇ ಬಯಲಾಗ ಒಗದು ಬಂದೀವಿ, ಎಲ್ಲಿಂದ ತರೋದು?"

ಹರಿಯದೆ ಉಳಿದ ಎಡಗಡೆಯ ಪಟ್ಟಿ ನನ್ನ ಕಾಲ ಬಳಿಯ ಚೀಲದಲ್ಲೇ ಇತ್ತು...

ಕಾಲೇಜಿನ ಸೀಟುಗಳ ಕೆಲಸ ಬೇರೆ ಊರಿನವರಿಗೆ ಹೋಯಿತು. ನಾನು ಹುಮನಾಬಾದಿನ ಕಡೆಯ ನಮ್ಮ ಮನೆಯಿಂದ ಕಾಲೇಜಿಗೆ ಬರುವಾಗ ಒಂದು ಸ್ಟಾಪ್ ಮೊದಲೇ ಇಳಿದು, ಬಜಾರು ತಪ್ಪಿಸಿ, ಸುತ್ತು ಹಾಕಿ ನಡೆಯತೊಡಗಿದೆ. ಕೊನೆಯ ವರ್ಷದ ಪರೀಕ್ಷೆ ಮುಗಿಯಿತು. ಪುಣೆಯಲ್ಲಿ ಇಂಥದೇ ಗಾಡಿಗಳ ಕೆಲಸ ಸಿಕ್ಕಿತು. ಬಾಡಿಗೆ ಕೋಣೆ ಬದಲಿಸಿದಾಗಲೆಲ್ಲ ಆ ಪಟ್ಟಿಯೂ ನನ್ನೊಡನೆ ಬಂತು. ಆಗಾಗ ತೆಗೆದು ಅಳೆಯುತ್ತಿದ್ದೆ, ಅಳತೆ ಬದಲಾಗಿರಬಹುದು ಎಂಬಂತೆ.

ಮೂರು ವರ್ಷಗಳ ನಂತರ ಮಾಣಿಕನಗರದ ನಮ್ಮ ಮನೆಗೆ ಹೋದಾಗ, ಒಂದು ಕಾಗದ ಬರೆದು ಬಸವಕಲ್ಯಾಣಕ್ಕೆ ಹೊರಟೆ. ತಪ್ಪು ಹೊಲಿಗೆಯದಲ್ಲ, ಅಳತೆಯದು. ಅಳತೆ ನನ್ನದು, ಎಂದು ನಾಲ್ಕು ಸಾಲು. ಕಾಲೇಜಿಗೂ ಒಂದು ಪ್ರತಿ ಕಳಿಸಿದ್ದೆ. ಅಂಗಡಿಯ ಮುಂಭಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಒಳಗೆ ಚಾಚಾ ಅವರ ಹೆಂಡತಿ ದಿಂಬಿನ ಗವಸು ಹೊಲಿಯುತ್ತ ಕುಳಿತಿದ್ದರು. ಹಿಂದಿನ ರಂಜಾನಿಗೆ ಮೊದಲೇ ಚಾಚಾ ತೀರಿಕೊಂಡರೆಂದು ತಿಳಿಯಿತು.

ಪಟ್ಟಿಯನ್ನು ಅವರ ಮಡಿಲಿಗಿಟ್ಟೆ. ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿದರು.

"ಇವರ ಕೈದೇ. ನೀ ಆ ಗಾಡಿ ಹುಡಿಗಿ ಏನು?"

ನಾನು ತಲೆಯಾಡಿಸಿದೆ. ಅವರು ಮೂಲೆಯತ್ತ ಕೈ ತೋರಿದರು. ತೊಲೆಯಿಂದ ಒಂದು ಪಟ್ಟಿ ಇಳಿದಿತ್ತು, ಕೆಳಗೆ ಬೀಸುಕಲ್ಲು. ಹಿಂದಿನ ಗೋಡೆಯ ಮೇಲೆ, ಪಟ್ಟಿ ಎಲ್ಲಿಯವರೆಗೆ ಇಳಿದಿತ್ತೆಂದು ಗುರುತಿಸಿದ ಸೀಮೆಸುಣ್ಣದ ಗೆರೆಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಬೆರಳು. ಉಳಿದವೆಲ್ಲ ಒಂದಕ್ಕೊಂದು ಅಂಟಿಕೊಂಡಂತಿದ್ದವು.

"ಆ ಹುಡುಗ್ರು ಬಂದು ಒದರಿ ಹೋದ ದಿನಾನೇ ಇನ್ನೊಂದ ಪಟ್ಟಾ ಹೊಲದ್ರು, ನಿನ್ನ ಅಳತಿಗೇ. ಎರಡ ದಿನಾ ಆದ ಮ್ಯಾಲ ನೋಡಿ, 'ಹೊಲಿಗಿ ಅಲ್ಲ, ಅಳತಿ ಹೋಗ್ಯಾದ' ಅಂದ್ರು. ಇಳಸ್ರಿ ಅಂದ್ರ ಇಳಸಲಿಲ್ಲ. 'ಅಕಿ ಬರ್ತಾಳ, ತೋರಸ್ಬೇಕು. ಪೈಲಾ ಬೈತೀನಿ, ಆಮ್ಯಾಲ ಚಾ ಕುಡಸ್ತೀನಿ' ಅಂತಿದ್ರು. ಭಾಳ ತಡಾ ಮಾಡಿದಿ ಬೇಟಾ."

ಕಾಗದವನ್ನು ಕೈಗಿತ್ತೆ. ಅವರು ಅದನ್ನು ತಿರುಗಿಸಿ ನೋಡಿದರು.

"ನನಗ ಕನ್ನಡ ಓದಾಕ ಬರಂಗಿಲ್ಲ. ನೀನೇ ಓದು. ಇಲ್ಲಿ ಅಲ್ಲ, ಹೊರಗ ಪಾವಟಿಗಿ ಮ್ಯಾಲ ನಿಂತು ಓದು. ಆ ಹುಡುಗ್ರೂ ಅಲ್ಲೇ ನಿಂತು ಬೈದ್ರು."

ನಾನು ತರಗತಿಯಲ್ಲಿಯೂ ಎದ್ದು ನಿಂತು ಮಾತನಾಡಿದವಳಲ್ಲ. ಮೆಟ್ಟಿಲ ಮೇಲೆ ನಿಂತು ಓದಿದೆ. "ಜೋರಾಗಿ," ಎಂದರು ಒಳಗಿನಿಂದ. ಮೊದಲಿನಿಂದ ಮತ್ತೆ ಓದಿದೆ. ಕವರು ಮಾರುವವನು ಮೊಬೈಲಿನಿಂದ ತಲೆಯೆತ್ತಿದ. ಚಹಾದಂಗಡಿಯ ಮುದುಕರೊಬ್ಬರು ಗ್ಲಾಸು ಕೆಳಗಿಟ್ಟು ಪೂರ್ತಿ ಕೇಳಿದರು. ಅಷ್ಟೇ ಜನ. ಕೇಳಬೇಕಾಗಿದ್ದವರು ಎಲ್ಲೆಲ್ಲಿಗೋ ಹೋಗಿದ್ದರು.

ತಿರುಗಿ ನೋಡಿದಾಗ ಚಾಚಾ ಅವರ ಹೆಂಡತಿ ಸ್ಟೂಲ್ ಹತ್ತಿ ತೊಲೆಯ ಪಟ್ಟಿಯನ್ನು ಬಿಚ್ಚುತ್ತಿದ್ದರು. ಕಲ್ಲು ಹಿಡಿದು ಇಳಿಸಲು ನಾನೂ ಕೈ ಕೊಟ್ಟೆ. ಭಾರವಿತ್ತು.

ಕಾಲೇಜಿನಿಂದ ಈವರೆಗೆ ಉತ್ತರ ಬಂದಿಲ್ಲ. ಕಳೆದ ವಾರ ಗೇಟಿನಿಂದ ಮರಳಿ ಒಳಗೆ ಬಂದು, ಹೊಸ ಪಟ್ಟಿಗಳನ್ನು ಒಂದೊಂದಾಗಿ ಮೇಲಿನ ಕಂಬಿಗೆ ಸಿಕ್ಕಿಸಿ ಕೆಳಗೆ ತೂಕ ಕಟ್ಟಿದೆ. "ಗಾಡಿ ನಾಳೆ ಹೋಗಬೇಕಲ್ಲ?" ಎಂದರು ಸಹೋದ್ಯೋಗಿ. ನಾಡಿದ್ದು ಹೋಗುತ್ತದೆ ಎಂದೆ. ಎರಡು ದಿನವೂ ಅತ್ತಿತ್ತ ಓಡಾಡುತ್ತ ಅವುಗಳ ಮೇಲೊಂದು ಕಣ್ಣಿಟ್ಟಿದ್ದೆ. ಒಂದು ಬೈಗುಳ ನನಗೆ ಬರಬೇಕಾಗಿತ್ತು... ಅದನ್ನು ಕೊಡಬೇಕಾದವರು ಇಲ್ಲ.